ಹಳೇ ಮೈಕ್, ಮುದಿ ಕೇಬಲ್: ರಿಪೇರಿ ಮಾಡುವುದು ಹೀಗೆ

ಬನಶಂಕರಿ ಜಾತ್ರೆಗೆ ಎಂಟು ದಿನ ಬಾಕಿ ಇತ್ತು. ನಾಟಕ ಕಂಪನಿಯೊಂದರ ಮ್ಯಾನೇಜರು ಬಾಗಲಕೋಟೆ ನವನಗರದ ನಮ್ಮ ಅಂಗಡಿಗೆ ಬಂದರು. ಟವೆಲ್ಲಿನಲ್ಲಿ ಸುತ್ತಿದ್ದ ಗಂಟನ್ನು ಕೌಂಟರ್ ಮೇಲೆ ಇಟ್ಟರು. ಮುಖ ಸಪ್ಪಗಿತ್ತು.

"ಅಕ್ಕಾರ, ಬಾಚಣಿಕಿ ಸತ್ತೈತ್ರಿ."

ಗಂಟು ಬಿಚ್ಚಿದೆ. ಕೇಬಲ್ಲಿನ ಬುಡ ಹಿಡಿದು ಮೆಲ್ಲಗೆ ಬಾಗಿಸಿದೆ. ಒಣ ಹಪ್ಪಳ ಮುರಿದ ಹಾಗೆ ಒಳಗೆ ಕರಕರ ಅಂತು.

"ಸತ್ತಿಲ್ರಿ ಮಾಮಾ. ಕುತ್ತಿಗಿ ಹಿಡದೈತಿ, ಅಷ್ಟ."

ಬಾಚಣಿಕಿ ಅಂದರೆ ಆ ಮೈಕಿಗೆ ಕಂಪನಿಯವರು ಇಟ್ಟ ಹೆಸರು. ಮುಖದ ತುಂಬಾ ಉದ್ದುದ್ದ ಕ್ರೋಮ್ ಪಟ್ಟಿಗಳು, ಬಾಚಣಿಗೆ ಹಲ್ಲಿನ ಹಾಗೆ. ಹಳೇ ಭಾಷಣದ ಫೋಟೋಗಳಲ್ಲಿ, ಕಪ್ಪು ಬಿಳುಪು ಸಿನಿಮಾಗಳಲ್ಲಿ ನೀವೂ ನೋಡಿರುತ್ತೀರಿ. ಅಮೆರಿಕದ ಶೂರ್ ಕಂಪನಿ 1939ರಲ್ಲಿ ಯುನಿಡೈನ್ 55 ಅಂತ ಇದನ್ನು ತಂದಿತು. 1951ರಲ್ಲಿ ಅದರದೇ ಸಣ್ಣ ಗಾತ್ರದ 55ಎಸ್ ಬಂತು. ಮ್ಯಾನೇಜರು ತಂದದ್ದು ಈ ಸಣ್ಣದನ್ನು. ಇದನ್ನು ನಮ್ಮಪ್ಪ ಒಂದು ಸಲ ರಿಪೇರಿ ಮಾಡಿದ್ದು ನನಗೆ ನೆನಪಿದೆ. ಆಗ ನಮ್ಮ ಮೈಕ್‌ಸೆಟ್ ಅಂಗಡಿ ಹಳೇ ಊರಲ್ಲಿತ್ತು. ಆ ಓಣಿ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ.

ಇಂಥ ಮೈಕು ನಿಮ್ಮ ಮನೆಯಲ್ಲೋ, ಮಠದ ಅಟ್ಟದಲ್ಲೋ, ಭಜನಾ ಮಂಡಳಿಯ ಪೆಟ್ಟಿಗೆಯಲ್ಲೋ ಇದ್ದರೆ ಎಸೆಯಬೇಡಿ. "ಸತ್ತಿದೆ" ಅಂತ ನನ್ನ ಹತ್ತಿರ ಬರುವ ಹಳೇ ಮೈಕುಗಳಲ್ಲಿ ಹತ್ತಕ್ಕೆ ಏಳೆಂಟು ಬದುಕೇ ಇರುತ್ತವೆ. ಸತ್ತಿರುವುದು ಕೇಬಲ್. ಅದೂ ಪೂರ್ತಿ ಅಲ್ಲ, ಬುಡದ ಎರಡು ಇಂಚು. ಹಾಗಾಗಿ ಮೊದಲ ಮಾತು: ಮೈಕಿನ ಮುಖ ಬಿಚ್ಚಬೇಡಿ. ಕೇಬಲ್ ನೋಡಿ, ಆಮೇಲೆ ಕನೆಕ್ಟರ್ ನೋಡಿ, ಆಮೇಲೆ ಆಂಪ್ಲಿಯ, ಅಂದರೆ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿನ ಕಡೆಯ ಪಿನ್ನು ನೋಡಿ. ಮುಖ ಬಿಚ್ಚುವುದು ಕೊನೆಗೆ.

ಕಿವಿಯಿಂದ ಹುಡುಕುವುದು

ಮೈಕನ್ನು ಆಂಪ್ಲಿಗೆ ಹಾಕಿ, ವಾಲ್ಯೂಮ್ ಸಣ್ಣಗಿಡಿ. ನೀವೇ "ಹಲೋ ಹಲೋ" ಅನ್ನುತ್ತಾ ಕೂತರೆ ಕೇಬಲ್ ಮೇಲೆ ಗಮನ ಇರುವುದಿಲ್ಲ. ಮೊಬೈಲಿನಲ್ಲಿ ಯಾವುದಾದರೂ ಹಾಡು ಹಚ್ಚಿ ಮೈಕಿನ ಮುಂದೆ ಇಡಿ. ಈಗ ಎರಡೂ ಕೈ ಖಾಲಿ. ಮೈಕಿನ ಬುಡದಿಂದ ಶುರು ಮಾಡಿ ಕೇಬಲ್ಲನ್ನು ಇಂಚಿಂಚು ಬಾಗಿಸುತ್ತಾ ಹೋಗಿ. ಸದ್ದು ಎಲ್ಲಿ ಹೋಗಿ ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಪಿನ್ನಿನ ಕಡೆಯಿಂದಲೂ ಹಾಗೇ ಬನ್ನಿ. ನಡುವಿನಲ್ಲಿ ತುಂಡಾಗುವುದು ಕಡಿಮೆ. ಇಲಿ ಕಡಿದಿದ್ದರೆ, ಕುರ್ಚಿ ಕಾಲು ಕೂತಿದ್ದರೆ ಮಾತ್ರ.

ಸದ್ದು ಯಾವ ತರಹದ್ದು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಮೌನ ಅಂದರೆ ಒಳಗಿನ ತಂತಿ ತುಂಡಾಗಿದೆ, ಇಲ್ಲವೇ ಅದು ಸುತ್ತಲಿನ ಜಾಲರಿಗೆ ತಾಗಿ ಶಾರ್ಟ್ ಆಗಿದೆ. ಮಾತು ಸಣ್ಣಗೆ, ಗುಂಯ್ ಅನ್ನುವುದೇ ಜಾಸ್ತಿ ಅಂದರೆ ಜಾಲರಿ ಹರಿದಿದೆ. ನಾವು ಅದಕ್ಕೆ ಶೀಲ್ಡ್ ಅನ್ನುತ್ತೇವೆ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದಲ್ವಾ, ಆ ಗುಂಯ್ ಅದರದು. ಅದನ್ನು ತಡೆಯುವ ಬೇಲಿ ಹೋಗಿದೆ ಅಂತ ಅರ್ಥ. ಚರಚರ ಅಂದರೆ ಎಳೆಗಳಲ್ಲಿ ಎರಡು ಮೂರು ಮಾತ್ರ ಉಳಿದಿವೆ, ಅಥವಾ ಬೆಸುಗೆ ಬಿಟ್ಟಿದೆ. ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ನಿರುವ ಮೈಕು ಡಬ್ಬಿಯೊಳಗಿಂದ ಮಾತಾಡಿದಂತೆ ಕೇಳಿದರೆ, ಎರಡು ತಂತಿಗಳಲ್ಲಿ ಒಂದು ಹೋಗಿದೆ.

ಕೇಬಲ್ ಎಲ್ಲಾ ಸರಿ ಇದ್ದೂ ದನಿ ಒಡೆದು ಬಂದರೆ ಮಾತ್ರ ಮುಖದ ಕಡೆ ನೋಡಬೇಕು. ಹೋಳಿಯಲ್ಲಿ ಹಲಗಿಗೆ ನೀರು ಬಿದ್ದರೆ ಹೇಗೆ ಬಡಿಯುತ್ತದೆ, ಹಾಗೆ ಬಡಿಯುತ್ತದೆ.

ಮೀಟರ್ ಇಟ್ಟು ನೋಡುವುದು

ಬೀಪ್ ಕೊಡುವ ಅಗ್ಗದ ಮಲ್ಟಿಮೀಟರ್ ಸಾಕು. ಕೇಬಲ್ ಬಿಚ್ಚಲು ಬರುವ ಮೈಕಾದರೆ ಬಿಚ್ಚಿ. ಒಂದೊಂದು ತಂತಿಗೂ ಈ ತುದಿಯಿಂದ ಆ ತುದಿಗೆ ಬೀಪ್ ಬರಬೇಕು. ಬೇರೆ ಬೇರೆ ತಂತಿಗಳ ನಡುವೆ ಬೀಪ್ ಬರಬಾರದು. ಅಳೆಯುವಾಗ ಕೇಬಲ್ ಅಲ್ಲಾಡಿಸುತ್ತಾ ಇರಿ. ಸುಮ್ನೆ ಮಲಗಿಸಿ ನೋಡಿದರೆ ತುಂಡಾದ ತುದಿಗಳು ತಾಗಿಕೊಂಡು "ಎಲ್ಲಾ ಸರಿ" ಅಂತ ಸುಳ್ಳು ಹೇಳುತ್ತವೆ.

ಮುಂದೆ ಮೈಕು. ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಮೀಟರನ್ನು ಓಮ್‌ಗೆ ತಿರುಗಿಸಿ. ಮೀಟರಿನ ಎರಡು ಕಡ್ಡಿಗಳನ್ನು ಮೈಕಿನ ಟರ್ಮಿನಲ್‌ಗಳಿಗೆ ತಾಗಿಸಿ. ಮೈಕನ್ನು ಕಿವಿಗೆ ಹಿಡಿದುಕೊಳ್ಳಿ. ಕಡ್ಡಿ ತಾಗಿದಾಗ, ಬಿಟ್ಟಾಗ, ಮೈಕಿನೊಳಗೆ ಇರುವೆ ಕಾಲಿಟ್ಟ ಹಾಗೆ ಒಂದು ಟಿಕ್ ಕೇಳುತ್ತದೆ. ಡೈನಾಮಿಕ್ ಮೈಕು ಅಂದರೆ ಉಲ್ಟಾ ಹಾಕಿದ ಸ್ಪೀಕರ್. ತೆಳು ಪೊರೆ, ಪೊರೆಗೆ ಅಂಟಿದ ಸಣ್ಣ ಕಾಯಿಲ್, ಕಾಯಿಲ್ ಸುತ್ತ ಅಯಸ್ಕಾಂತ. ಮೀಟರಿನ ಬ್ಯಾಟರಿಯಿಂದ ಹೋಗುವ ಚೂರು ಕರೆಂಟಿಗೆ ಪೊರೆ ಜಿಗಿಯುತ್ತದೆ. ಆ ಟಿಕ್ ಕೇಳಿದರೆ ಕಾಯಿಲ್ ಜೀವಂತ ಇದೆ. ಮ್ಯಾನೇಜರ ಕಿವಿಗೂ ಹಿಡಿದು ಕೇಳಿಸಿದೆ. "ಉಸಿರಾಡಾಕತ್ತೈತಿ!" ಅಂದರು. ಅಲ್ಲಿಂದ ಮುಂದೆ ಅವರು ಚಹಾ ಕುಡಿದರು.

ಒಂದು ಎಚ್ಚರಿಕೆ. 55ಎಸ್‌ನಂಥ ಹಳೇ ಮೈಕುಗಳಲ್ಲಿ ಹೊಟ್ಟೆಯೊಳಗೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇಂಪೀಡೆನ್ಸ್, ಅಂದರೆ ಸದ್ದಿನ ಕರೆಂಟಿಗೆ ಮೈಕು ಒಡ್ಡುವ ತಡೆ, ಎಷ್ಟಿರಬೇಕು ಅಂತ ಆರಿಸಲು ಎಲ್ (ಕಡಿಮೆ), ಎಂ (ನಡು), ಎಚ್ (ಹೆಚ್ಚು, ಹೈ) ಅಂತ ಸಣ್ಣ ಸ್ವಿಚ್ ಇರುತ್ತದೆ. ಎಲ್‌ನಲ್ಲಿಟ್ಟು ಅಳೆದರೆ ಮೀಟರ್ ತೀರಾ ಕಡಿಮೆ ಓಮ್ ತೋರಿಸಬಹುದು. ಶಾರ್ಟ್ ಆಗಿದೆ ಅಂತ ಗಾಬರಿ ಬೀಳಬೇಡಿ, ಆ ಸುತ್ತಿನ ತಂತಿಯೇ ಅಷ್ಟು ಗಿಡ್ಡ. ಎಚ್‌ಗೆ ತಿರುಗಿಸಿ ನೋಡಿ, ಓಮ್ ಎಷ್ಟೋ ಪಾಲು ಏರುತ್ತದೆ. ಇನ್ನೊಂದು, ಮೀಟರ್ ತೋರಿಸುವುದು ಟ್ರಾನ್ಸ್‌ಫಾರ್ಮರಿನ ಹೊರಸುತ್ತನ್ನು ಮಾತ್ರ. ಕಾಯಿಲ್ ಸುದ್ದಿ ಹೇಳುವುದು ಟಿಕ್ಕೇ. ಹಾಗಾಗಿ ಕಣ್ಣಿಗಿಂತ ಕಿವಿ ನಂಬಿ.

ಎರಡು ಜಾತಿಯ ಮೈಕಿಗೆ ಈ ಪರೀಕ್ಷೆ ಮಾಡಬೇಡಿ. ರಿಬ್ಬನ್ ಮೈಕಿನಲ್ಲಿ ಕಾಯಿಲ್ ಬದಲು ಕೂದಲಿಗಿಂತ ತೆಳು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಮೀಟರಿನ ಕರೆಂಟಿಗೇ ಅದು ಎಳೆದುಕೊಂಡು ಹಾಳಾಗಬಹುದು. ಇನ್ನೊಂದು ಕ್ರಿಸ್ಟಲ್ ಮೈಕು. ಅದರಲ್ಲಿ ಮೀಟರ್ ಏನೂ ತೋರಿಸುವುದಿಲ್ಲ, ಅದು ಹಾಗೇ ಇರಬೇಕು. ಅದರೊಳಗೆ ಇರುವುದು ರೋಶೆಲ್ ಉಪ್ಪಿನ ಹರಳು. ತೇವಕ್ಕೆ ಕರಗುತ್ತದೆ, ಸುಮಾರು 55 ಡಿಗ್ರಿ ಶಾಖಕ್ಕೆ ಸಾಯುತ್ತದೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಮುಗಿಯಿತು. ಕ್ರಿಸ್ಟಲ್ ಮೈಕಿನ ಕೇಬಲ್ ಬದಲಿಸಬಹುದು, ಆದರೆ ಹರಳಿನ ಟರ್ಮಿನಲ್ ಹತ್ತಿರ ಬೆಸುಗೆಯ ಬಿಸಿ ಐರನ್ ಒಯ್ಯಬೇಡಿ.

ತಾಮ್ರದ ಬಣ್ಣ

ಬಾಚಣಿಗೆಯ ಹಿಂಬದಿಗೆ ನಾಲ್ಕು ಕಡ್ಡಿಯ, ತಿರುಗಿಸಿ ಬಿಗಿಸುವ ಹಳೇ ಕನೆಕ್ಟರ್ ಇದೆ. ಹಿಂದೆ ಸಣ್ಣ ಸ್ಪ್ರಿಂಗ್. ಇದು ಈಗ ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಕೇಬಲ್ ಜೊತೆ ಕನೆಕ್ಟರನ್ನೂ ಕತ್ತರಿಸಿ ಎಸೆದು ಮೈಕಿಗೆ ತೂತು ಕೊರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಅಪ್ಪ ಕ್ಯಾಲೆಂಡರ್ ಹಾಳೆಯ ಹಿಂದೆ ಚಿತ್ರ ಬರೆದುಕೊಳ್ಳುತ್ತಿದ್ದ. ತಂತಿಯ ಬಣ್ಣ ನಂಬಬೇಡಿ. ಹಿಂದೆ ಯಾರೋ ಕೈಗೆ ಸಿಕ್ಕ ವೈರು ಹಾಕಿರುತ್ತಾರೆ. ಯಾವ ಕಡ್ಡಿಯಿಂದ ಎಲ್ಲಿಗೆ ಅನ್ನುವುದಷ್ಟೇ ಮುಖ್ಯ.

ಪಕ್ಕದ ಸಣ್ಣ ಸ್ಕ್ರೂ ಸಡಿಲಿಸಿದೆ. ತುಕ್ಕು ಹಿಡಿದಿತ್ತು. ಒಂದು ಹನಿ ಎಣ್ಣೆ ಬಿಟ್ಟು, ಊಟ ಮುಗಿಸಿ ಬಂದು ತಿರುಗಿಸಿದೆ. ಇಂಥ ಸ್ಕ್ರೂ ಜೊತೆ ಕುಸ್ತಿ ಆಡಿದರೆ ತಲೆ ಸವೆಯುತ್ತದೆ, ಆಮೇಲೆ ಊಟಾನೂ ಇಲ್ಲ. ಒಳಗೆ ನೋಡಿದರೆ ರಬ್ಬರ್ ಕೇಬಲ್. ಚರ್ಮ ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ ಸೀಳಿತ್ತು. ಬಾಗಿಸಿದರೆ ಪುಡಿ ಉದುರುತ್ತಿತ್ತು. ಬ್ಲೇಡಿನಿಂದ ಸಿಪ್ಪೆ ತೆಗೆದೆ. ತಾಮ್ರ ಕಪ್ಪಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ತಾಮ್ರದ ಬಣ್ಣ ಕೇಬಲ್ಲಿನ ಜಾತಕ. ಹೊಳೆಯುವ ಕೆಂಪಿದ್ದರೆ ಚಿಂತೆ ಇಲ್ಲ. ಹಸಿರಿದ್ದರೆ ತೇವ ನುಗ್ಗಿದೆ. ಕಪ್ಪಿದ್ದರೆ ರಬ್ಬರಿನ ಕೆಲಸ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಹಾಕುತ್ತಾರೆ. ವರ್ಷಗಟ್ಟಲೆ ಆ ಗಂಧಕ ತಾಮ್ರಕ್ಕೆ ತಾಗಿ ಕರಿ ಪೊರೆ ಕಟ್ಟುತ್ತದೆ. ಅದಕ್ಕೇ ಒಳ್ಳೆಯ ರಬ್ಬರ್ ಕೇಬಲ್ಲುಗಳಲ್ಲಿ ತಾಮ್ರಕ್ಕೆ ತವರ ಬಳಿದಿರುತ್ತಾರೆ. ಕರಿ ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ. ಎಲೆ ಮೇಲಿನ ನೀರಿನ ಹನಿಯ ಹಾಗೆ ಸೀಸ ಉರುಳಿ ಹೋಗುತ್ತದೆ. ಪ್ಲಾಸ್ಟಿಕ್ ಕೇಬಲ್ ಮುದಿಯಾದರೆ ಬೇರೆ ರೋಗ. ಅದರೊಳಗಿನ ಎಣ್ಣೆಯಂಥ ಪದಾರ್ಥ ಹೊರಬಂದು ಕೈಗೆ ಅಂಟಂಟು ಆಗುತ್ತದೆ, ಆಮೇಲೆ ಕೇಬಲ್ ಸೆಟೆದುಕೊಳ್ಳುತ್ತದೆ.

ಮೊದಲು ಬುಡದ ಮೂರು ಇಂಚು ಕತ್ತರಿಸಿ ನೋಡಿ. ಅಲ್ಲಿ ತಾಮ್ರ ಚೆನ್ನಾಗಿದ್ದರೆ ಅಷ್ಟೇ ಸಾಕು, ಅದೇ ಕೇಬಲ್ಲನ್ನು ಮತ್ತೆ ಬೆಸೆಯಿರಿ. ಇನ್ನೂ ಕಪ್ಪಿದ್ದರೆ ಒಂದಡಿ ಕತ್ತರಿಸಿ. ಆಗಲೂ ಕಪ್ಪೇ ಅಂದರೆ ಕೇಬಲ್ಲಿಗೆ ಕೈ ಮುಗಿಯಿರಿ, ಹೊಸದು ತನ್ನಿ. ನಾನು ಎರಡಡಿವರೆಗೆ ಹೋದೆ, ಕರ್ರಗೇ ಇತ್ತು. ಮ್ಯಾನೇಜರಿಗೆ ಹೊಟ್ಟೆ ಉರಿಯಿತು. "ಒರಿಜಿನಲ್ ಅಲ್ರಿ ಅದು?" ಹೌದು, ಒರಿಜಿನಲ್. ಗಾಜಿನ ಪೆಟ್ಟಿಗೆಯಲ್ಲಿ ಇಡುವ ಮೈಕಾಗಿದ್ದರೆ ನಾನೂ ಮುಟ್ಟುತ್ತಿರಲಿಲ್ಲ. ದಿನಾ ಎರಡು ಆಟ ಆಡಿಸುವ ಮೈಕಿಗೆ ಒರಿಜಿನಲ್ ಅಂತ ಪೂಜೆ ಮಾಡಿದರೆ ಮೂರನೇ ಅಂಕದಲ್ಲಿ ಮಾತು ನಿಲ್ಲುತ್ತದೆ. ಹಳೇ ಕೇಬಲ್ ಚೀಲದಲ್ಲಿ ಹಾಕಿ ಕೊಟ್ಟೆ.

ಹೊಸ ಕೇಬಲ್ ಯಾವುದು?

ಇಲ್ಲೇ ಜನ ಎಡವುತ್ತಾರೆ. ಈ ಮೈಕಿನದೇ ಇನ್ನೊಂದು ಕೇಬಲ್ಲಿಗೆ ಯಾರೋ ಸ್ಪೀಕರ್ ವೈರು ಹಾಕಿಕೊಟ್ಟಿದ್ದರು. ಚಪ್ಪಟೆ, ಎರಡು ತಂತಿ, ಜಾಲರಿ ಇಲ್ಲ. ಸ್ಪೀಕರಿಗೆ ಹೋಗುವ ಸದ್ದು ಆಳೆತ್ತರದ್ದು, ಅದಕ್ಕೆ ಬೇಲಿ ಬೇಡ. ಮೈಕಿನಿಂದ ಬರುವುದು ವೋಲ್ಟಿನ ಸಾವಿರದಲ್ಲೊಂದು ಭಾಗದ ಲೆಕ್ಕದ್ದು. ಬೇಲಿ ಇಲ್ಲದಿದ್ದರೆ ಪಕ್ಕದ ಲೈಟಿನ ವೈರೂ ಅದರಲ್ಲಿ ಹಾಡುತ್ತದೆ.

ಎರಡು ತಂತಿ, ಮೇಲೆ ಜಾಲರಿ ಇರುವ ಮೈಕ್ ಕೇಬಲ್ ಕೇಳಿ. ಜಾಲರಿ ಜಡೆ ಹೆಣೆದ ಹಾಗೆ ಹೆಣೆದದ್ದಿರಲಿ. ಸುಮ್ನೆ ಒಂದೇ ಕಡೆ ಸುತ್ತಿದ್ದು ಮನೆಗೆ ನಡೆಯುತ್ತದೆ. ಬೆಳ್ಳಿ ಕಾಗದದ ಹಾಳೆ ಸುತ್ತಿದ್ದು ಗೋಡೆಯೊಳಗೆ ಹಾಕಲು ಸರಿ, ದಿನಾ ಸುತ್ತಿ ಬಿಚ್ಚುವ ಕೇಬಲ್ಲಿಗೆ ಬೇಡ, ಬೇಗ ಹರಿಯುತ್ತದೆ. ಕೇಬಲ್ಲಿನ ದಪ್ಪ ಹಳೇ ಸ್ಪ್ರಿಂಗಿನೊಳಗೆ ತೂರುವ ಹಾಗಿರಬೇಕು. ಸುಮಾರು 6 ಮಿಲಿಮೀಟರ್ ಇರುವುದು ಹೆಚ್ಚಿನ ಕಡೆ ಹೊಂದುತ್ತದೆ. ಅಂಗಡಿಗೆ ಕನೆಕ್ಟರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಈಗ ಉದ್ದ. ಹೈ ಇಂಪೀಡೆನ್ಸ್ ಮೈಕಿಗೆ ಕೇಬಲ್ ಸುಮಾರು 6 ಮೀಟರ್ ದಾಟಬಾರದು. ಒಳಗಿನ ತಂತಿ, ಹೊರಗಿನ ಜಾಲರಿ ಎರಡೂ ಸೇರಿ ಉದ್ದಕ್ಕೂ ಚಾರ್ಜು ಹಿಡಿದಿಡುವ ಒಂದು ಕಪಾಸಿಟರ್ ಆಗಿಬಿಡುತ್ತದೆ. ಒಂದು ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್. ಕೇಬಲ್ ಉದ್ದ ಆದಷ್ಟೂ ಅದು ಕೀರಲು ಸದ್ದನ್ನು ನುಂಗುತ್ತದೆ. ಸ, ಶ, ಚ ಎಲ್ಲಾ ಮಂಕು. ಬಾಚಣಿಗೆ ರಂಗದ ನಡುವೆ ಹಗ್ಗದಿಂದ ತೂಗುತ್ತದೆ. ಪಾತ್ರದವರು ಅದರ ಕೆಳಗೆ ಬಂದು ನಿಂತೇ ಮಾತು ಒಪ್ಪಿಸುವುದು ಕಂಪನಿ ನಾಟಕದ ರೂಢಿ. ಅಲ್ಲಿಂದ ಕೇಬಲ್ ಮೇಲೇರಿ, ಅಡ್ಡ ಬಂದು, ಸೈಡ್ ವಿಂಗಿನ ಆಂಪ್ಲಿಗೆ ಇಳಿಯುವಷ್ಟರಲ್ಲಿ 20 ಮೀಟರ್. ಸ್ವಿಚ್ ಮಾತ್ರ ಎಚ್‌ನಲ್ಲಿ! "ಸ್ವಾಮಿ" ಅಂದರೆ ಹಿಂದಿನ ಸಾಲಿಗೆ "ವಾಮಿ" ಕೇಳುತ್ತಿತ್ತಂತೆ. ವರ್ಷಾನುಗಟ್ಟಲೆ ನಟರನ್ನು ಬೈದಿದ್ದಾರೆ, ಪಾಪ.

ಉಪಾಯ ಸುಲಭ. ಮೈಕಿನ ಸ್ವಿಚ್ ಎಲ್‌ಗೆ ತಿರುಗಿಸಿ. ಆಂಪ್ಲಿಯ ಕಡೆ ಎಕ್ಸ್‌ಎಲ್‌ಆರ್ ಪಿನ್ನು ಹಾಕಿ. 1ನೇ ಕಡ್ಡಿಗೆ ಜಾಲರಿ, 2 ಮತ್ತು 3ಕ್ಕೆ ಎರಡು ತಂತಿ. ಹೀಗೆ ಮಾಡಿದರೆ 20 ಏನು, 50 ಮೀಟರೂ ಓಡುತ್ತದೆ. ಈಗಿನ ಮಿಕ್ಸರುಗಳಿಗೆ ಇದೇ ಬೇಕು. ನಿಮ್ಮದು ಹಳೇ ಆಂಪ್ಲಿ, ದಪ್ಪ ಪಿನ್ನಿನ ತೂತು ಮಾತ್ರ ಇದೆ ಅಂದರೆ ಆಂಪ್ಲಿಯ ಬಾಯಲ್ಲಿ, ಕಡಿಮೆ ಇಂಪೀಡೆನ್ಸನ್ನು ಹೆಚ್ಚಿಗೆ ಏರಿಸುವ ಒಂದು ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹಾಕಿ. ಕೇಬಲ್ ಗಿಡ್ಡ ಇದ್ದರೆ ಯಾವುದೂ ಬೇಡ. ಎಚ್‌ನಲ್ಲೇ ಇಟ್ಟು, ಒಂದು ತಂತಿ ಪಿನ್ನಿನ ಮೂತಿಗೆ, ಇನ್ನೊಂದು ತಂತಿ ಮತ್ತು ಜಾಲರಿ ಸೇರಿಸಿ ಮೈಗೆ.

ಮಿಕ್ಸರಿಗೆ ಹಾಕುವಾಗ 48 ವೋಲ್ಟಿನ ಫ್ಯಾಂಟಮ್ ಸ್ವಿಚ್ (ಬೇರೆ ಜಾತಿಯ ಮೈಕುಗಳಿಗೆ ಕೇಬಲ್ಲಿನಲ್ಲೇ ಕರೆಂಟು ಕಳಿಸುವುದು) ಆರಿಸಿಡಿ. ವೈರಿಂಗ್ ಸರಿ ಇದ್ದರೆ ಡೈನಾಮಿಕ್ ಮೈಕಿಗೆ ಅದರಿಂದ ಏನೂ ಆಗುವುದಿಲ್ಲ. ಎಲ್ಲೋ ಒಂದು ಎಳೆ ತಾಗಿದ್ದರೆ ಆ ಕರೆಂಟು ಹಳೇ ಟ್ರಾನ್ಸ್‌ಫಾರ್ಮರಿನೊಳಗೆ ಹರಿಯುತ್ತದೆ. ಯಾಕೆ ಬೇಕು?

ಬೆಸುಗೆ, ಮತ್ತು ಗುಳೇದಗುಡ್ಡದ ನೂಲು

25 ವಾಟ್ ಸೋಲ್ಡರ್ ಐರನ್ ಸಾಕು. ಬೆಸುಗೆ ಸೀಸ 60/40 (60 ಪಾಲು ತವರ, 40 ಪಾಲು ಸೀಸ), ಒಳಗೆ ರಾಳ ಇರುವ ತೆಳು ತಂತಿ. ಕಲಾಯಿ ಹಾಕುವವರ ನವಸಾಗರ, ಪೈಪಿನವರ ಆಸಿಡ್ ಎರಡೂ ಬೇಡ. ಆ ದಿನ ಬೆಸುಗೆ ಫಳಫಳ ಕೂರುತ್ತದೆ, ಒಂದೇ ಮಳೆಗಾಲದಲ್ಲಿ ತಂತಿ ತಿಂದುಹಾಕುತ್ತದೆ.

ಬೆಸೆಯುವ ಮೊದಲು ಸ್ಪ್ರಿಂಗು, ಕನೆಕ್ಟರಿನ ಹೊರಕವಚ, ಸ್ಲೀವು ಎಲ್ಲವನ್ನೂ ಕೇಬಲ್ಲಿಗೆ ಪೋಣಿಸಿ. ನೀವು ಮರೆಯುತ್ತೀರಿ. ನಾನು ಇಷ್ಟು ವರ್ಷ ಆದ ಮೇಲೂ ತಿಂಗಳಿಗೊಮ್ಮೆ ಮರೆಯುತ್ತೇನೆ. ಚೆಂದದ ಬೆಸುಗೆ ಹಾಕಿ, ಕನ್ನಡಕ ತೆಗೆದು ನೋಡಿದರೆ ಸ್ಪ್ರಿಂಗು ಮೇಜಿನ ಮೇಲೆ ನಗುತ್ತಾ ಕೂತಿರುತ್ತದೆ.

ತಂತಿಯ ತುದಿ ಕಾಲಿಂಚು ಸುಲಿಯಿರಿ, ಎಳೆಗಳನ್ನು ಹೊಸೆದು ಮೊದಲು ತಂತಿಗೆ ಬೇರೆ, ಕಡ್ಡಿಗೆ ಬೇರೆ ಸೀಸ ಹತ್ತಿಸಿ. ಆಮೇಲೆ ಎರಡನ್ನೂ ಸೇರಿಸಿ ಐರನ್ ಮುಟ್ಟಿಸಿ. ಎರಡು ಮೂರು ಸೆಕೆಂಡ್, ಅಷ್ಟೇ. ಆರುವವರೆಗೆ ಕೈ ಅಲ್ಲಾಡಬಾರದು, ಊದಲೂಬಾರದು. ಆರಿದ ಬೆಸುಗೆ ನುಣ್ಣಗೆ ಹೊಳೆಯಬೇಕು. ಬೂದಿ ಬಣ್ಣದ ಉಂಡೆಯಾದರೆ ಮತ್ತೆ ಮಾಡಿ. ಜಾಲರಿಯ ಒಂದು ಎಳೆ ಆಚೀಚೆ ಚಾಚಿದ್ದರೂ ನಾಳೆ ಶಾರ್ಟು. ಜಾಲರಿಯ ಕಡ್ಡಿ ಮೈಕಿನ ಲೋಹದ ಮೈಗೂ ತಾಗಿರಬೇಕು. ಹಳೇ ಮೈಕಿನಲ್ಲಿ ಆ ಸ್ಕ್ರೂ ಕೆಳಗೆ ತುಕ್ಕು ಕೂತಿರುತ್ತದೆ. ಮೈಕಿಗೆ ಕೈ ತಾಗಿಸಿದಾಗಲೆಲ್ಲಾ ಗುಂಯ್ ಏರಿ ಇಳಿಯುತ್ತಿದ್ದರೆ ಅಲ್ಲಿ ಹೆರೆದು ಬಿಗಿ ಮಾಡಿ. ಕೆಲಸ ಆದಮೇಲೆ ಕೈ ತೊಳೆದೇ ರೊಟ್ಟಿ ಮುಟ್ಟಿ, ಅದು ಸೀಸ.

ಈಗ ನನ್ನ ಲೆಕ್ಕದಲ್ಲಿ ಇಡೀ ರಿಪೇರಿಯ ಜೀವ. ಬೆಸುಗೆ ಭಾರ ಹೊರಬಾರದು. ತೂಗುವ ಕೇಬಲ್ಲಿನ ತೂಕ ಬೆಸುಗೆ ಮೇಲೆ ಬಿದ್ದರೆ ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಕನೆಕ್ಟರಿನೊಳಗಿನ ಹಿಡಿ ಕೇಬಲ್ಲಿನ ಹೊರಚರ್ಮವನ್ನು ಕಚ್ಚಬೇಕು, ತಂತಿಯನ್ನಲ್ಲ. ಹಿಡಿ ಸಡಿಲ ಇದ್ದರೆ ನಾನು ನೂಲು ಸುತ್ತುತ್ತೇನೆ. ಗುಳೇದಗುಡ್ಡದಲ್ಲಿ ಖಣ ನೇಯುವ ನಮ್ಮ ಬೀಗರ ಮನೆಯಿಂದ ಉಳಿದ ಹತ್ತಿ ನೂಲು ತಂದಿಟ್ಟಿದ್ದೇನೆ. ಅದನ್ನು ಜೇನುಮೇಣದ ಉಂಡೆಗೆ ಎರಡು ಸಲ ಉಜ್ಜಿ, ಸ್ಪ್ರಿಂಗಿನ ಒಳಗೆ ಹೋಗುವ ಜಾಗದಲ್ಲಿ ಒಂದಿಂಚು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಸುತ್ತಿನ ಕೆಳಗೇ ಎಳೆದು ಬಿಗಿಯುತ್ತೇನೆ. ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವು. ಇನ್ಸುಲೇಶನ್ ಟೇಪು ನಮ್ಮ ಬಿಸಿಲಿಗೆ ಅಂಟು ಬಿಟ್ಟು ಜಾರುತ್ತದೆ. ನೂಲು ಜಾರುವುದಿಲ್ಲ. ತೂಗುಹಾಕುವಾಗಲೂ ಹಗ್ಗ ಮೈಕಿನ ಸ್ಟ್ಯಾಂಡಿಗೆ ಕಟ್ಟಿ. ಕೇಬಲ್ ಸಡಿಲವಾಗಿ ಬಳ್ಳಿಯ ಹಾಗೆ ಜೊತೆಗಿರಲಿ.

ಮುಖ ತೆರೆಯಲೇಬೇಕೆಂದರೆ

ಕೆಲಸ ಕಲಿಯುವ ಕಾಲದಲ್ಲಿ ಒಂದು ಮೈಕು ಕೊಂದಿದ್ದೇನೆ. ಅಪ್ಪ ವೈಸ್‌ನಲ್ಲಿ ಕಬ್ಬಿಣ ಅರ ಹಾಕುತ್ತಿದ್ದ ಮೇಜು. ಅದರ ಮೇಲೇ ಮುಖ ಬಿಚ್ಚಿ, ಪೊರೆ, ಕಾಯಿಲ್, ಅಯಸ್ಕಾಂತ ಇರುವ ಕ್ಯಾಪ್ಸೂಲ್ ಮಲಗಿಸಿದೆ. ಎತ್ತಿ ನೋಡಿದರೆ ಅಂಚಿನ ತುಂಬಾ ಮೀಸೆ ಬಂದಂತೆ ಕಬ್ಬಿಣದ ಪುಡಿ. ಒಳಗಿರುವುದು ಅಯಸ್ಕಾಂತ ಅಂತ ಗೊತ್ತಿದ್ದೂ ತಲೆಗೆ ಹೊಳೆದಿರಲಿಲ್ಲ. ಊದಿದೆ. ಪುಡಿ ಇನ್ನೂ ಒಳಕ್ಕೆ, ಕಾಯಿಲ್ ಆಡುವ ಸಂದಿಗೇ ಹೋಯಿತು. ಅಪ್ಪ ಬೈಯಲಿಲ್ಲ. "ತೊಗೊ, ಇನ್ನ ಇದು ನಿನ್ನದ" ಅಂತ ಆ ಮೈಕನ್ನು ನನಗೇ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಬಿಳಿ ಬಟ್ಟೆ ಹಾಸಿ, ಕಬ್ಬಿಣದ ಕೆಲಸ ನಡೆಯುವ ಜಾಗದಿಂದ ದೂರ ಕೂತು ತೆರೆಯಿರಿ. ಪೊರೆ ಮುಟ್ಟಬೇಡಿ, ಊದಬೇಡಿ. ಪುಡಿ ಕಂಡರೆ ಸೆಲ್ಲೋ ಟೇಪನ್ನು ಕಡ್ಡಿಗೆ ಸುತ್ತಿ, ಅಂಚಿಗೆ ಮಾತ್ರ ತಾಗಿಸಿ ಎತ್ತಿ. ಕಾಯಿಲಿನಿಂದ ಹೊರಬರುವ ಕೂದಲೆಳೆಯ ತಂತಿ ತುಂಡಾಗಿದ್ದರೆ ಅನುಭವ ಇದ್ದವರಿಗೆ ಕೊಡಿ.

ನೀವು ಮಾಡಬಹುದಾದ ಕೆಲಸ ಸ್ವಚ್ಛತೆ. ಪಟ್ಟಿಗಳ ಹಿಂದಿನ ಬಟ್ಟೆಯೋ ಫೋಮೋ ಹಳೆಯದಾಗಿ ಪುಡಿಯಾಗುತ್ತದೆ, ಪೊರೆ ಮೇಲೆ ಬಿದ್ದು ದನಿ ಮುಚ್ಚುತ್ತದೆ. ಬಾಚಣಿಗೆಯ ಬಟ್ಟೆ ಕೆಂಪಗಿತ್ತು. ಬಣ್ಣವೇ ಹಾಗೆ ಅಂದುಕೊಂಡೆ. ಮೂಸಿ ನೋಡಿದರೆ ಎಲೆ ಅಡಿಕೆ! ಎಷ್ಟು ರಾಜರು, ಎಷ್ಟು ಖಳನಾಯಕರು ಅದರ ಮೇಲೆ ಉಗುಳಿದ್ದಾರೋ. ಕ್ಯಾಪ್ಸೂಲ್ ಬೇರೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಟ್ಟು, ಲೋಹದ ಮುಖವನ್ನು ಮಾತ್ರ ಸೋಪಿನ ನೀರು, ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದೆ. ಪೂರ್ತಿ ಒಣಗಿದ ಮೇಲೆ, ಗಾಳಿ ಸಲೀಸಾಗಿ ಆಡುವ ತೆಳು ಫೋಮ್ ಕತ್ತರಿಸಿ ಇಟ್ಟೆ. ಬಾಯಿಟ್ಟು ಊದಿದರೆ ಆಚೆ ಗಾಳಿ ಬರಬೇಕು, ಅಂಥದ್ದು.

ಮೈಕು ಜುಮ್ ಅಂದರೆ

"ಮೈಕು ಹಿಡದ್ರ ಜುಮ್ ಅಂತೈತ್ರಿ" ಅಂತ ಯಾರಾದರೂ ಹೇಳಿದರೆ ನಾನು ಮೈಕು ಬಿಟ್ಟು ಆಂಪ್ಲಿ ಕಡೆ ಓಡುತ್ತೇನೆ. ಮೈಕು ತಾನಾಗಿ ಶಾಕ್ ಹುಟ್ಟಿಸುವುದಿಲ್ಲ. ಮೈಕಿನ ಮೈ, ಜಾಲರಿ, ಆಂಪ್ಲಿಯ ಡಬ್ಬಿ ಮೂರೂ ಒಂದೇ ತಂತಿಯಲ್ಲಿ ಪೋಣಿಸಿದ ಮಣಿ. ಆಂಪ್ಲಿಯ ಡಬ್ಬಿಗೆ ಕರೆಂಟು ಸೋರಿದರೆ ಅದು ನೇರ ಹಾಡುವವರ ತುಟಿಗೆ ಬರುತ್ತದೆ. ಅವರ ಇನ್ನೊಂದು ಕೈ ಕಬ್ಬಿಣದ ಕಂಬ ಹಿಡಿದಿದ್ದರೆ 230 ವೋಲ್ಟಿನ ಜೊತೆ ಆಟ. ಕೆಲವರು ಜಾಲರಿ ಕತ್ತರಿಸಿ "ಈಗ ಜುಮ್ ಇಲ್ಲ" ಅನ್ನುತ್ತಾರೆ. ರೋಗ ಇರುವಲ್ಲೇ ಇದೆ, ನಿಮಗೆ ಕಾಣದ ಹಾಗೆ ಮುಚ್ಚಿದ್ದಾರೆ ಅಷ್ಟೇ.

ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. ಒಂದು ಕಡ್ಡಿ ಆಂಪ್ಲಿಯ ಬರಿ ಲೋಹಕ್ಕೆ, ಇನ್ನೊಂದು ಚೆನ್ನಾಗಿರುವ ಅರ್ಥಿಂಗಿಗೆ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟು ತೋರಿಸಿದರೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಬಂದು ಮೂರು ಪಿನ್ನಿನ ಅರ್ಥಿಂಗ್ ಸರಿ ಮಾಡುವವರೆಗೆ ಮುಟ್ಟಬೇಡಿ. ಜಾತ್ರೆಯ ಟೆಂಟಿನಲ್ಲಿ ಜನರೇಟರ್ ಮೇಲೆ ಓಡುವವರು ಇದನ್ನು ದಿನಾ ನೋಡಬೇಕು.

ಎರಡು ಮೈಕು ಅಕ್ಕಪಕ್ಕ

ಬಾಚಣಿಗೆಯ ಜೊತೆ ಇನ್ನೊಂದು ಮೈಕು ಪಕ್ಕದಲ್ಲಿ ತೂಗುತ್ತದೆ ಅಂತ ಮ್ಯಾನೇಜರು ಹೊರಡುವಾಗ ಹೇಳಿದರು. ಒಳ್ಳೆಯದಾಯಿತು ಹೇಳಿದ್ದು. ಕೇಬಲ್ ಬದಲಿಸುವಾಗ 2 ಮತ್ತು 3ನೇ ಕಡ್ಡಿಯ ತಂತಿ ಅದಲು ಬದಲಾದರೆ ಒಂಟಿ ಮೈಕಿನಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ನಡುವೆ ನಿಂತವರ ದನಿ ಸೊರಗುತ್ತದೆ. ಎರಡೂ ಮೈಕಿನ ಮುಖ ನಿಮ್ಮ ಕಡೆ ಮಾಡಿ, ಅಕ್ಕಪಕ್ಕ ಸೇರಿಸಿ ಹಿಡಿದು ಮಾತಾಡಿ ನೋಡಿ. ದನಿ ದಪ್ಪ ಆದರೆ ಸರಿ. ತೆಳ್ಳಗಾದರೆ ಒಂದರ 2, 3 ಅದಲು ಬದಲು ಮಾಡಿ. ನಮ್ಮದು ತೆಳ್ಳಗಾಯಿತು. ಮತ್ತೆ ಐರನ್ ಕಾಯಿಸಿದೆ.

ಕೊನೆಗೆ ಅರ್ಧ ಗಂಟೆ ಓಡಿಸಿ ನೋಡಿ. ಕೇಬಲ್ ಎಳೆಯಿರಿ, ತೂಗಾಡಿಸಿ, ಬುಡ ಬಾಗಿಸಿ. ಅಂಗಡಿಯಲ್ಲಿ ಕೈಕೊಡುವುದು ರಂಗದ ಮೇಲೆ ಕೈಕೊಡುವುದಕ್ಕಿಂತ ಒಳ್ಳೆಯದು. ರಬ್ಬರ್ ಕೇಬಲ್ ಇನ್ನೂ ಇದ್ದವರು ಹೊಳಪಿಗೆ ಅಂತ ಸೀಮೆಎಣ್ಣೆ ಒರೆಸಬೇಡಿ, ರಬ್ಬರ್ ಉಬ್ಬಿ ಸಾಯುತ್ತದೆ. ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಸುತ್ತುವಾಗ ದೊಡ್ಡ ಸುತ್ತು, ಒಂದು ಹೊರಮಗ್ಗುಲು, ಮುಂದಿನದು ಒಳಮಗ್ಗುಲು, ಆಗ ತಿರುಚು ಬೀಳುವುದಿಲ್ಲ. ಅಂಗೈ ಮೊಣಕೈ ಮೇಲೆ ಸೀರೆ ನೂಲಿನ ಹಾಗೆ ಬಿಗಿಯಾಗಿ ಸುತ್ತಬೇಡಿ. ಇದನ್ನು ಮ್ಯಾನೇಜರಿಗೆ ಎರಡು ಸಲ ಮಾಡಿ ತೋರಿಸಿದೆ. ಅವರೂ ನನ್ನೆದುರೇ ಒಂದು ಸಲ ಸರಿಯಾಗಿ ಸುತ್ತಿದರು. ದುಡ್ಡು ಕೊಟ್ಟು, ಬಾಚಣಿಗೆಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಇಳಿದರು. ನಾನು ಐರನ್ ಆರಿಸಿ ಕಿಟಕಿಯಿಂದ ನೋಡಿದೆ. ಸ್ಕೂಟರಿನ ಪಕ್ಕ ನಿಂತು, ಉಳಿದ ಕೇಬಲ್ಲನ್ನು ಮೊಣಕೈಗೆ ಸರಸರ ಸುತ್ತುತ್ತಿದ್ದರು.

"ಮಾಮಾ!"